ಎರಡನೇ ಸಲ ಕೇಳದ ಮೇಷ್ಟ್ರು

ನಮ್ಮ ಮೇಷ್ಟ್ರು ಯಾರನ್ನೂ, ಯಾವುದನ್ನೂ ಎರಡನೇ ಸಲ ಕೇಳಿದವರಲ್ಲ. ಹೋದ ತಿಂಗಳು ಅವರು ತೀರಿಕೊಂಡ ಸುದ್ದಿಯನ್ನು ಮಂಜುನಾಥ ಫೋನಿನಲ್ಲಿ ಹೇಳಿದಾಗ ನನಗೆ ಮೊದಲು ನೆನಪಾದದ್ದು ಅವರ ಮುಖವಲ್ಲ, ಈ ಅಭ್ಯಾಸ. ಒಂದು ಸಲ ಕೇಳುವುದು, ಎದುರಿನವರು ಏನು ಹೇಳುತ್ತಾರೋ ಅದನ್ನೇ ನಿಜವೆಂದು ನಂಬುವುದು, "ಸರಿ" ಎಂದು ಮುಂದಕ್ಕೆ ಹೋಗುವುದು. ಹೇಳುವಾಗ ಇದು ಒಳ್ಳೆಯ ಗುಣದ ಹಾಗೆಯೇ ಇದೆ. ನಾನೂ ಬಹಳ ವರ್ಷ ಹಾಗೆಯೇ ತಿಳಿದಿದ್ದೆ.

ಅವರು ನಮಗೆ ಪಾಠ ಮಾಡಿದವರಲ್ಲ, ನಮ್ಮ ಪಕ್ಕದಲ್ಲಿ ಕೂತು ಪಾಠ ಕೇಳಿದವರು. ತುಮಕೂರಿನ ಕಡೆಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ಬಹಳ ವರ್ಷ ಎಲೆಕ್ಟ್ರಾನಿಕ್ಸ್ ಕಲಿಸಿ, ಸಂಬಳವಿಲ್ಲದ ರಜೆ ಹಾಕಿ, ಕಿವಿಯ ಮೇಲೆ ನರೆ ಕಾಣಿಸಿಕೊಂಡ ಮೇಲೆ ಎಂ.ಎಸ್. ಮಾಡಲು ಅಮೆರಿಕಕ್ಕೆ ಬಂದಿದ್ದರು. ಮೊದಲ ದಿನ ಇಸ್ತ್ರಿ ಮಾಡಿದ ತುಂಬುತೋಳಿನ ಅಂಗಿ ತೊಟ್ಟು ಕ್ಲಾಸಿಗೆ ಕಾಲಿಟ್ಟಾಗ ಹಿಂದಿನ ಸಾಲಿನ ಹುಡುಗರು ಪ್ರೊಫೆಸರೇ ಬಂದರೆಂದು ಮಾತು ನಿಲ್ಲಿಸಿದರು. ಅವರು ನೆಟ್ಟಗೆ ಬಂದು ನನ್ನ ಪಕ್ಕ ಕೂತು ಪೆನ್ನಿನ ಮುಚ್ಚಳ ತೆಗೆದರು. ಅಂದಿನಿಂದ ಅವರು ಮೇಷ್ಟ್ರು. ಬೋರ್ಡಿನ ಸಹವಾಸ ಬಿಟ್ಟು ಎಷ್ಟು ಕಾಲವಾದರೂ ಹೆಬ್ಬೆರಳಿನಿಂದ ಉಳಿದ ಬೆರಳುಗಳ ತುದಿಯನ್ನು ಉಜ್ಜಿಕೊಳ್ಳುವುದು ಮಾತ್ರ ಬಿಟ್ಟಿರಲಿಲ್ಲ. ಸೀಮೆಸುಣ್ಣದ ಪುಡಿ ಇನ್ನೂ ಅಂಟಿದೆಯೇನೋ ಎನ್ನುವ ಹಾಗೆ. ಏನಾದರೂ ಮುಜುಗರವಾದರೆ ಆ ಉಜ್ಜುವಿಕೆ ಜೋರಾಗುತ್ತಿತ್ತು.

ಡಾಟ್‌ಕಾಮ್ ಹುಚ್ಚಿನ ಕಾಲ ಅದು. ಫ್ರೀವೇ ಪಕ್ಕದ ಬೋರ್ಡುಗಳ ತುಂಬ ನಾಯಿ ಬಿಸ್ಕತ್ತು ಮಾರುವ ಕಂಪನಿಯಿಂದ ಹಿಡಿದು ಶವಪೆಟ್ಟಿಗೆ ಮಾರುವ ಕಂಪನಿಯ ತನಕ ಎಲ್ಲದಕ್ಕೂ ಒಂದೊಂದು ವೆಬ್‌ಸೈಟು. ಬಸ್‌ಸ್ಟಾಪಿನಲ್ಲಿ ಸುಮ್ಮನೆ ನಿಂತವನನ್ನೂ ಕರೆದು ಕೆಲಸ ಕೊಡುತ್ತಾರೆ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಸನ್ನಿವೇಲಿನ ಒಂದು ಹಳೆಯ ಕಾಂಪ್ಲೆಕ್ಸಿನಲ್ಲಿ ಕೆಳಗಿನ ಅಪಾರ್ಟ್‌ಮೆಂಟು ನನಗೂ ಉಡುಪಿಯ ಶೈಲಾಳಿಗೂ, ಮೇಲಿನದು ಮೇಷ್ಟ್ರಿಗೂ ಮಂಡ್ಯದ ಮಂಜುನಾಥನಿಗೂ.

ಮೊದಲ ಸಲ ಅವರ ಮನೆಗೆ ಹೋದದ್ದು ಅಸೈನ್‌ಮೆಂಟಿನ ನೆಪದಲ್ಲಿ. ಕುಕ್ಕರು ಆಗತಾನೆ ಇಳಿದಿತ್ತು. ಹುರುಳಿಕಾಳಿನ ಸಾರಿನ ಘಮ ಮೆಟ್ಟಿಲ ತನಕ ಬಂದಿತ್ತು. ಬೆಳಗಿನಿಂದ ಬ್ರೆಡ್ಡಿನ ಮೇಲೆ ಬದುಕಿದ್ದವಳಿಗೆ ಹೊಟ್ಟೆಯೊಳಗೆ ಇಲಿ ಓಡಾಡುತ್ತಿತ್ತು.

"ಊಟ ಮಾಡ್ತೀಯೇನಮ್ಮ?" ಎಂದರು.

"ಇಲ್ಲ ಸಾರ್, ಈಗ ತಾನೇ ಆಯ್ತು."

ನಮ್ಮ ಮನೆಯಲ್ಲಿ ಕಲಿಸಿದ್ದು ಹಾಗೆ. ಮೊದಲನೇ ಬೇಡ ಮರ್ಯಾದೆಗೆ, ಎರಡನೇ ಬೇಡ ಸಂಕೋಚಕ್ಕೆ, ಮೂರನೇ ಸಲ ಕೇಳಿದಾಗ "ಒಂಚೂರು ಹಾಕಿ" ಎನ್ನಬೇಕು. ಮೇಷ್ಟ್ರು "ಸರಿ" ಎಂದವರೇ ತಟ್ಟೆ ಹಾಕಿಕೊಂಡು, ನನ್ನೆದುರಿಗೇ ಬಿಸಿ ಅನ್ನ ಸಾರು ಕಲಸಿ, ಹಪ್ಪಳ ಮುರಿದುಕೊಂಡು ನಿಧಾನವಾಗಿ ಉಂಡು ಕೈ ತೊಳೆದರು. ನಾನು ಪುಸ್ತಕ ನೋಡುತ್ತ ಎಂಜಲು ನುಂಗುತ್ತ ಕೂತಿದ್ದೆ. ಕೆಳಗೆ ಬಂದು ಹೇಳಿದರೆ ಶೈಲಾ ಬಿದ್ದು ಬಿದ್ದು ನಕ್ಕಳು. ಮಂಜುನಾಥ ಮಾತ್ರ ಗಂಭೀರವಾಗಿ, "ಮೇಷ್ಟ್ರ ತಾವ ಮೊದಲ್ನೇ ಏಟ್ಗೇ ಹೂಂ ಅಂದ್ಬುಡ್ಬೇಕು ಕಣವ್ವ. ಇಲ್ದಿದ್ರೆ ಉಪಾಸವೇಯ" ಎಂದ. ಅವನೂ ಮೊದಲ ವಾರ ಉಪವಾಸ ಬಿದ್ದೇ ಕಲಿತದ್ದು.

ಜಿಪುಣರೆಂದು ಯಾರಾದರೂ ಅಂದರೆ ನನಗೆ ಸಿಟ್ಟು ಬರುತ್ತಿತ್ತು. ಹೂಂ ಎಂದವರಿಗೆ ತಮ್ಮ ಪಾಲಿನದನ್ನೂ ಬಡಿಸುವ ಕೈ ಅವರದು. ಆದರೆ ಅವರು ಬೆಳೆದದ್ದು ಫ್ರೀ ಹಾಸ್ಟೆಲ್ಲಿನಲ್ಲಿ. ಅಪ್ಪ ಅಮ್ಮ ಇಬ್ಬರೂ ಚಿಕ್ಕಂದಿನಲ್ಲೇ ಹೋಗಿದ್ದರು. "ನಮ್ಮ ಹಾಸ್ಟೆಲ್ನಲ್ಲಿ ಬಡಿಸೋನು ಒಂದೇ ಸಲ ಬರೋನು. ಬೇಕು ಅಂದ್ರೆ ಹಾಕೋನು, ಬೇಡ ಅಂದ್ರೆ ಮುಂದಕ್ಕೆ ಹೋಗೋನು. ಉಪಚಾರ ಗಿಪಚಾರ ಎಲ್ಲ ಮನೇಲಿ ಬೆಳೆದೋರಿಗೆ" ಎಂದು ಒಮ್ಮೆ ಹೇಳಿದ್ದರು. ಬೇಸರದಿಂದ ಹೇಳಿದ ಮಾತಲ್ಲ. ಸುಮ್ಮನೆ, ಮಳೆ ಬಂತು ಎಂದಷ್ಟೇ ಸಲೀಸಾಗಿ.

ಕ್ಯುಪರ್ಟಿನೋದ ಒಬ್ಬರ ಮನೆಯಲ್ಲಿ ಯುಗಾದಿ ಊಟಕ್ಕೆ ಕರೆದಿದ್ದರು. ಆ ಮನೆಯ ಯಜಮಾನಿ ಹಾಸನದ ಕಡೆಯವರು, ಉಪಚಾರದಲ್ಲಿ ಎತ್ತಿದ ಕೈ. ಮೇಷ್ಟ್ರು "ಸಾಕಮ್ಮ" ಎಂದರೂ ಪಾಯಸ ಬಂತು. "ಬೇಡ" ಎಂದರೂ ಇನ್ನೊಂದು ಸೌಟು. ಮೂರನೆಯದು ಬರುವಾಗ ಅವರು ಎಲೆಯ ಮೇಲೆ ಕೈ ಅಡ್ಡ ಹಿಡಿದು, ನಿಜವಾದ ಆಶ್ಚರ್ಯದಿಂದ, "ಬೇಡ ಅಂದೆನಲ್ಲಮ್ಮ, ಕೇಳಿಸ್ಲಿಲ್ವಾ?" ಎಂದುಬಿಟ್ಟರು. ಆಕೆಯ ಮುಖ ಕೆಂಪಗಾಯಿತು. ಮೇಷ್ಟ್ರು ಬೆರಳು ಉಜ್ಜಿಕೊಳ್ಳತೊಡಗಿದರು. ಶೈಲಾ, "ನನಗೆ ಹಾಕಿ ಆಂಟಿ, ನನಗೆ ಕೇಳಿಸ್ತದೆ, ಆದ್ರೂ ಬೇಕು" ಎಂದು ಹೇಗೋ ಮಾನ ಉಳಿಸಿದಳು.

ಅವರಿಗೆ ಮದುವೆಯಾಗಿದೆ ಎನ್ನುವುದು ನಮಗೆ ಗೊತ್ತಿತ್ತು. ಹೆಂಡತಿ ಮಸ್ಕತ್ತಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಮದುವೆಯಾಗಿ ಕೆಲವೇ ತಿಂಗಳು ಒಟ್ಟಿಗಿದ್ದು ಆಕೆ ಆ ಕಡೆಗೆ, ಇವರು ಈ ಕಡೆಗೆ ಹೊರಟವರು. ಮೂರು ವರ್ಷದಿಂದ ಮುಖ ನೋಡಿರಲಿಲ್ಲ. ಆಕೆಯನ್ನು ಇಲ್ಲಿಗೆ ಕರೆಸಲು ವೀಸಾಕ್ಕೆ ಹಾಕಿಸಿದ್ದರು, ಕೊಡಲಿಲ್ಲ. ಇನ್ನೊಮ್ಮೆ ಹಾಕಿಸಿ ಸಾರ್, ಎಷ್ಟೋ ಜನರಿಗೆ ಎರಡನೇ ಸಲ ಸಿಗುತ್ತದೆ ಎಂದು ನಾವೆಲ್ಲ ಗಂಟು ಬಿದ್ದೆವು. "ಕೊಡಲ್ಲ ಅಂದಮೇಲೆ ಮತ್ತೇನು ಕೇಳೋದು?" ಎಂದರು. ಡಿಸೆಂಬರಿನಲ್ಲಿ ಇಂಡಿಯಾದ ಟಿಕೆಟ್ಟು ನಮ್ಮಂಥವರ ಕೈಗೆ ಎಟುಕುವಂಥದ್ದಲ್ಲ. ಹಾಗಾಗಿ ಚಳಿಗಾಲದ ರಜೆಗೆ ಕ್ಯಾಂಪಸ್ಸು ಖಾಲಿಯಾದಾಗ ನಾವು ನಾಲ್ವರೂ ಹೀಟರಿನ ಮುಂದೆ ಇಸ್ಪೀಟು ಆಡುವುದೇ ಪದ್ಧತಿಯಾಗಿತ್ತು.

ಕೊನೆಯ ವರ್ಷ ಮೇಷ್ಟ್ರು ಆಟಕ್ಕೆ ಬರುವುದಿಲ್ಲ ಎಂದರು. ಸ್ಪೇನಿನ ದಕ್ಷಿಣಕ್ಕೆ, ಮೆಡಿಟರೇನಿಯನ್ ದಡದಲ್ಲಿರುವ ಮಾಲಗಾಕ್ಕೆ ಹೊರಟಿದ್ದರು. ವಿದ್ಯಾರ್ಥಿಗಳಿಗೆಂದೇ ಅಗ್ಗದ ಟಿಕೆಟ್ಟು ಮಾಡಿಸುವ ಒಂದು ಅಂಗಡಿ ಕ್ಯಾಂಪಸ್ಸಿನ ಎದುರಿಗಿತ್ತು. ಅದರ ಗಾಜಿನ ಮೇಲೆ ನೀಲಿ ಸಮುದ್ರ, ಹಳದಿ ಬಿಸಿಲು. ಬೇಸಿಗೆಯಲ್ಲಿ ಕಾಲಿಡಲು ಜಾಗವಿಲ್ಲದ ಊರು ಚಳಿಗಾಲದಲ್ಲಿ ಖಾಲಿ ಬಿದ್ದಿರುತ್ತದೆ, ಬಿಸಿಲು ಮಾತ್ರ ಹಾಗೇ ಇರುತ್ತದೆ, ಸಮುದ್ರದ ಪಕ್ಕದ ಮನೆಗಳು ನೀರಿನ ಬೆಲೆಗೆ ಬಾಡಿಗೆಗೆ ಸಿಗುತ್ತವೆ ಎಂದು ಅಲ್ಲಿನ ಹುಡುಗಿ ಹೇಳಿದ್ದಳಂತೆ. ಅವಳು ಮೇಷ್ಟ್ರ ಸ್ಟೂಡೆಂಟ್ ಕಾರ್ಡನ್ನೂ ಅವರ ನರೆಯನ್ನೂ ತಿರುತಿರುಗಿ ನೋಡಿದ್ದನ್ನು ಮಂಜುನಾಥ ನಟಿಸಿ ತೋರಿಸುತ್ತಿದ್ದ.

"ಸಾ, ನಾವೂ ಬರಬೋದಾ?" ಎಂದು ಕೇಳಿದವನೂ ಅವನೇ.

"ಬನ್ನಿ, ಅದಕ್ಕೇನಂತೆ" ಎಂದರು ಮೇಷ್ಟ್ರು.

ಬರಬೇಡಿ ಎನ್ನಲು ಅವರಿಗೆ ಬಾಯಿ ಬರಲಿಲ್ಲವೋ, ಬಾಡಿಗೆ ಹಂಚಿಹೋಗುತ್ತದೆ ಎನಿಸಿತೋ, ನನಗೆ ಇಂದಿಗೂ ತಿಳಿಯದು. ಹೆಂಡತಿಯೂ ಮಸ್ಕತ್ತಿನಿಂದ ಅಲ್ಲಿಗೇ ಬರುತ್ತಿದ್ದಾರೆ ಎನ್ನುವುದನ್ನು ಅವರು ಹೇಳಿದ್ದು ಮ್ಯಾಡ್ರಿಡ್ಡಿನಲ್ಲಿ ಇಳಿದು ಮಾಲಗಾದ ಬಸ್ಸು ಹತ್ತಿದ ಮೇಲೆ. ಕಿಟಕಿಯಾಚೆ ಆಲಿವ್ ಮರಗಳು ಓಡುತ್ತಿದ್ದವು. ಮಂಜುನಾಥನೂ ಶೈಲಾಳೂ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು.

"ನಮ್ಮನೇವಳೂ ಬರ್ತಾಳೆ" ಎಂದರು, ಹೊರಗೆ ನೋಡುತ್ತ.

"ಎಲ್ಲಿಗೆ ಸಾರ್?"

"ಅಲ್ಲಿಗೇ."

ನನಗೆ ಬಸ್ಸಿನಿಂದ ಇಳಿದುಬಿಡೋಣ ಎನಿಸಿತು. ಮೇಷ್ಟ್ರು ಅಂದು ಎಂದಿಗಿಂತ ಹೆಚ್ಚು ಮಾತಾಡಿದರು. ಪಾಲಿಟೆಕ್ನಿಕ್ಕಿನ ರಜೆ ಬರುವ ಜೂನ್‌ಗೆ ಮುಗಿಯುತ್ತದೆ. ಅಷ್ಟರೊಳಗೆ ಹೋಗದಿದ್ದರೆ ಆ ಕೆಲಸ ಹೋದಂತೆ. ಇತ್ತ ಲಾಸ್ ಆಲ್ಟೋಸ್‌ನಲ್ಲಿ, ಹಲ್ಲಿನ ಡಾಕ್ಟರರ ಕ್ಲಿನಿಕ್ಕಿನ ಮಹಡಿ ಮೇಲಿದ್ದ ಒಂದು ಸ್ಟಾರ್ಟಪ್ಪು ಇವರಿಗೆ ಕೆಲಸ ಕೊಡುತ್ತೇನೆ ಎಂದಿದೆ. ಇಲ್ಲಿ ಉಳಿದರೆ ಇಬ್ಬರೂ ಒಟ್ಟಿಗಿರುವುದು ಯಾವಾಗಲೋ. ಊರಿಗೆ ಹೋದರೆ ಜೂನ್‌ನಿಂದಲೇ. ಸಂಬಳ ಸಾಧಾರಣ, ಆದರೆ ಮನೆ ಎನ್ನುವುದೊಂದು ಇರುತ್ತದೆ.

"ನಿಮಗೇನನ್ಸುತ್ತೆ ಸಾರ್?"

"ನನಗೆ ಊರೇ ಸರಿ. ಆದ್ರೆ ಅವಳನ್ನ ಕೇಳ್ಬೇಕಲ್ಲ. ಫೋನಲ್ಲಿ ಕೇಳೋ ಮಾತಲ್ಲ ಇದು. ಎದುರಿಗೆ ಕೂತು ಕೇಳ್ಬೇಕು. ಅದಕ್ಕೇ ಇಷ್ಟು ದೂರ" ಎಂದರು. ಹೆಬ್ಬೆರಳು ಉಳಿದ ಬೆರಳುಗಳನ್ನು ಉಜ್ಜುತ್ತಲೇ ಇತ್ತು.

ಬಸ್ ನಿಲ್ದಾಣದಲ್ಲಿ ಆಕೆ ನಮಗಿಂತ ಮೊದಲೇ ಬಂದು, ಹಗ್ಗ ಕಟ್ಟಿದ ಸೂಟ್‌ಕೇಸಿನ ಮೇಲೆ ಕೂತಿದ್ದರು. ಚೂಡಿದಾರದ ಮೇಲೆ ಕಂದು ಬಣ್ಣದ ಸ್ವೆಟರು, ಉದ್ದ ಜಡೆ, ಮೂವತ್ತೆರಡು ಮೂವತ್ತಮೂರರ ವಯಸ್ಸು. ಮೇಷ್ಟ್ರನ್ನು ಕಂಡು ಎದ್ದು ನಿಂತರು. ಮೂರು ವರ್ಷದ ಮೇಲೆ ಎದುರಾದ ಗಂಡ ಹೆಂಡತಿ ಏನು ಮಾತಾಡುತ್ತಾರೆಂದು ನಾನು ಕಿವಿ ನೆಟ್ಟಗೆ ಮಾಡಿಕೊಂಡು ನಿಂತೆ.

"ಬಂದ್ಯಾ?"

"ಹೂಂ."

"ಊಟ ಆಯ್ತಾ?"

"ಆಯ್ತು."

"ಸರಿ" ಎಂದು ಮೇಷ್ಟ್ರು ಸೂಟ್‌ಕೇಸು ಎತ್ತಿಕೊಂಡರು. ಬಾಡಿಗೆಯ ಮನೆ ತಲುಪಿ ನಾನು ಚಕ್ಕುಲಿಯ ಡಬ್ಬಿ ತೆಗೆದು, ಬೇಡ ಬೇಡ ಎಂದರೂ ಬಿಡದೆ ಕೈಗೆ ಹಾಕಿದಾಗ ಆಕೆ ಒಂದಾದ ಮೇಲೊಂದು ತಿಂದ ರೀತಿಯಲ್ಲೇ ಗೊತ್ತಾಯಿತು, ವಿಮಾನ ಇಳಿದಾಗಿನಿಂದ ಹೊಟ್ಟೆಗೆ ಏನೂ ಬಿದ್ದಿಲ್ಲವೆಂದು. ಹಾಸನದ ಹತ್ತಿರದ ದೊಡ್ಡ ಸಂಸಾರದಲ್ಲಿ ಹುಟ್ಟಿದವರು ಆಕೆ. ನನ್ನ ಹಾಗೆಯೇ ಮೂರು ಬೇಡಗಳ ಮೇಲೆ ಬೆಳೆದವರು. ನಾವು ಅಕ್ಕ ಎಂದೆವು.

ಮನೆಯಲ್ಲಿ ಎರಡು ಮಲಗುವ ಕೋಣೆ. ನಾವು ಮೂವರೂ ಬಾಗಿಲಲ್ಲೇ ಪಿಸುಗುಟ್ಟಿಕೊಂಡು, ಒಂದು ಕೋಣೆ ಅವರಿಬ್ಬರಿಗೆ, ಇನ್ನೊಂದು ನನಗೂ ಶೈಲಾಳಿಗೂ, ಮಂಜುನಾಥ ಹಾಲಿನ ಸೋಫಾದ ಮೇಲೆ ಎಂದು ತೀರ್ಮಾನಿಸಿದ್ದೆವು. ಹೇಳುವಷ್ಟರಲ್ಲಿ ಮೇಷ್ಟ್ರು ಹಾಸ್ಟೆಲ್ ವಾರ್ಡನ್ನಿನ ಹಾಗೆ ನಡುಮನೆಯಲ್ಲಿ ನಿಂತು, "ಹೆಂಗಸರಿಗೆ ಈ ಕೋಣೆ, ಗಂಡಸರಿಗೆ ಆ ಕೋಣೆ" ಎಂದುಬಿಟ್ಟರು.

"ನಾನ್ ಹಾಲಲ್ಲೇ ಮಲಿಕತೀನಿ ಸಾ" ಎಂದ ಮಂಜುನಾಥ.

"ಚಳಿ ಇದೆ. ಬೇಡ."

"ಏನ್ ಚಳಿ ಸಾ, ಬಿಸ್ಲು ಕಾಯಕ್ಕೇ ಬಂದಿರೋದು ನಾವು. ನಾನ್ ಗೊರಕೆ ಬೇರೆ ಹೊಡಿತೀನಿ."

"ನನಗೆ ಅಭ್ಯಾಸ ಇದೆ."

ಮಕ್ಕಳೆದುರಿಗೆ ಹೆಂಡತಿಯ ಜೊತೆ ಒಂದೇ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಲು ಆ ಮನುಷ್ಯನಿಗೆ ನಾಚಿಕೆ. ನಾವು ಅಕ್ಕನ ಮುಖ ನೋಡಿದೆವು. ಅಕ್ಕ ತನ್ನ ಬ್ಯಾಗು ಎತ್ತಿಕೊಂಡು ಹೆಂಗಸರ ಕೋಣೆಗೆ ನಡೆದರು. ಮದುವೆಮನೆಯ ಛತ್ರದಲ್ಲಿ ನಡೆಯಬೇಕಾದ ಏರ್ಪಾಡು, ಸಮುದ್ರದಿಂದ ಎರಡೇ ಬೀದಿ ದೂರದ ಆ ಮನೆಯಲ್ಲಿ ನಡೆಯಿತು.

ಆ ಊರಿನ ಬಿಸಿಲನ್ನು ನಾನು ಮರೆತಿಲ್ಲ. ಮೈ ಸುಡದ, ಬೆನ್ನಿಗೆ ಹಿತವಾದ ಬಿಸಿಲು. ಮುದುಕರು ಕೋಟು ತೊಟ್ಟು ಸಮುದ್ರದ ದಂಡೆಯ ಬೆಂಚುಗಳ ಮೇಲೆ ಕೂತಿರುತ್ತಿದ್ದರು. ಮರಳಿನ ಮೇಲೆ ಹಳೆಯ ದೋಣಿಯಲ್ಲಿ ಕೆಂಡ ಹಾಕಿ ಮೀನು ಸುಡುತ್ತಿದ್ದರು. ಶೈಲಾಳಿಗೆ ಆ ವಾಸನೆಗೇ ಅರ್ಧ ಊಟ. ಮಧ್ಯಾಹ್ನವಾದರೆ ಅಂಗಡಿಗಳೆಲ್ಲ ಬಾಗಿಲು ಹಾಕಿ ಊರೇ ಮಲಗಿಬಿಡುತ್ತಿತ್ತು. ಬೀದಿಯ ಎರಡೂ ಕಡೆ ಕಿತ್ತಳೆ ಮರಗಳು, ಕೈಗೆ ಸಿಗುವಷ್ಟು ತಗ್ಗಿನಲ್ಲಿ ಹಣ್ಣು. ಯಾರೂ ಕೀಳುವುದಿಲ್ಲವಲ್ಲ ಎಂದು ಮಂಜುನಾಥ ಒಂದು ಕಿತ್ತು ಬಾಯಿಗಿಟ್ಟು ಮುಖ ಕಿವುಚಿದ. ಕಹಿ, ಹುಳಿ. ಅಕ್ಕ ಅದನ್ನು ಮೂಸಿ ನೋಡಿ, "ಅಯ್ಯೋ, ಥೇಟ್ ಹೇರಳೆಕಾಯಿ ಕಣ್ರೋ. ನಾಲ್ಕು ತನ್ನಿ" ಎಂದರು. ಮಸ್ಕತ್ತಿನಿಂದ ತಂದಿದ್ದ ಬೆಲ್ಲ, ಹುಣಿಸೇಹಣ್ಣು, ಒಣಮೆಣಸಿನಕಾಯಿ ಹಾಕಿ ಗೊಜ್ಜು ಮಾಡಿದರು. ಅಂಥ ಗೊಜ್ಜು ನಾನು ಆಮೇಲೆ ತಿಂದಿಲ್ಲ.

ಅದೇ ಹೊಟ್ಟೆ ಉರಿಸುವ ಸಂಗತಿ. ಅಕ್ಕ ಆ ವಾರವೆಲ್ಲ ಅಡುಗೆಮನೆಯಲ್ಲೇ ಇದ್ದರು. ಬೆಳಿಗ್ಗೆ ಅವಲಕ್ಕಿ, ಮಧ್ಯಾಹ್ನ ಸಾರು ಪಲ್ಯ, ಸಂಜೆಗೆ ಬಿಸಿಬಿಸಿ ರೊಟ್ಟಿ. ಮನೆಯ ಯಜಮಾನಿ ತಾನು, ಬಂದಿರುವ ಮಕ್ಕಳು ಹಸಿದಿರಬಾರದು ಎನ್ನುವುದು ಅಕ್ಕನ ಧರ್ಮ. ಬಿಡಿ ಅಕ್ಕ, ನಾವು ಮಾಡುತ್ತೇವೆ ಎಂದು ನಾನೂ ಶೈಲಾಳೂ ಎರಡು ಸಲ, ಮೂರು ಸಲ, ನಾಲ್ಕು ಸಲ ಕೇಳಿ ಸೋತೆವು. ಮೇಷ್ಟ್ರು ಮೊದಲ ದಿನ, "ಸುತ್ತಾಡೋಕೆ ಬರ್ತೀಯಾ?" ಎಂದು ಕೇಳಿದರು. "ಕೆಲಸ ಇದೆ, ನೀವು ಹೋಗ್ಬನ್ನಿ" ಎಂದರು ಅಕ್ಕ. "ಸರಿ" ಎಂದು ಮೇಷ್ಟ್ರು ನಮ್ಮ ಜೊತೆ ಬಂದುಬಿಟ್ಟರು. ಬೀದಿಯ ತಿರುವಿನಲ್ಲಿ ನಾನು ಹಿಂತಿರುಗಿ ನೋಡಿದೆ. ಅಕ್ಕ ಕೈಯೊರೆಸಿಕೊಳ್ಳುತ್ತ ಬಾಲ್ಕನಿಗೆ ಬಂದು ನಿಂತಿದ್ದರು.

ಹಾಸಿಗೆಯಲ್ಲಿ ನನ್ನ ಪಕ್ಕ ಮಲಗುತ್ತಿದ್ದ ಅಕ್ಕ ಮೇಷ್ಟ್ರ ಬಗ್ಗೆ ಸಣ್ಣಸಣ್ಣದನ್ನು ಕೇಳುತ್ತಿದ್ದರು. ಕಾಫಿಗೆ ಈಗಲೂ ಅಷ್ಟೊಂದು ಸಕ್ಕರೆಯಾ? ಕನ್ನಡಕ ಯಾವಾಗ ಬಂತು? ನಗುತ್ತಾರಾ? ಗಂಡನ ವಿಷಯವನ್ನು ಗಂಡನ ಕ್ಲಾಸ್‌ಮೇಟಿನಿಂದ ತಿಳಿದುಕೊಳ್ಳಬೇಕಾಗಿ ಬಂದ ಹೆಂಡತಿ. ನನಗೆ ಅಳು ಬರುವಷ್ಟು ಕಸಿವಿಸಿಯಾಗುತ್ತಿತ್ತು.

ಹೊರಡುವ ಹಿಂದಿನ ದಿನ ಶೈಲಾಳ ತಾಳ್ಮೆ ತಪ್ಪಿತು. ಸೌಟನ್ನು ಅಕ್ಕನ ಕೈಯಿಂದ ಕಿತ್ತುಕೊಂಡಳು.

"ಎಂತ ಸಾರ್ ಇದು? ಇಷ್ಟು ದೂರ ಬಂದು ಅಕ್ಕ ಸಮುದ್ರವೇ ನೋಡಲಿಲ್ಲ. ಇವತ್ತು ಅಡುಗೆ ನಾವು ಮಾಡ್ತೇವೆ ಮಾರಾಯ್ರೇ. ನೀವಿಬ್ಬರೂ ಹೋಗಿ. ಕತ್ತಲೆ ಆಗುವ ಮೊದಲು ಬಂದ್ರೆ ಬಾಗಿಲು ತೆಗಿಯುವುದಿಲ್ಲ."

ಅಕ್ಕ ಸೀರೆ ಉಟ್ಟರು. ಸೂಟ್‌ಕೇಸಿನ ತಳದಲ್ಲಿ ಮಡಿಕೆ ಮುರಿಯದ ಹಸಿರು ಮೈಸೂರು ಸಿಲ್ಕ್ ಇತ್ತು. ಅಷ್ಟು ದಿನವೂ ಅದು ಅಲ್ಲೇ ಇತ್ತು. ನಾನು ಜಡೆ ಹೆಣೆದುಕೊಟ್ಟೆ. ಮೇಷ್ಟ್ರು ಹೊಸ ಅಂಗಿ ಹಾಕಿಕೊಂಡು, ತಲೆಗೆ ನೀರು ಹಚ್ಚಿ ಬಾಚಿಕೊಂಡು ಬಂದರು. ಬಸ್ಸಿನಲ್ಲಿ ಅವರು ಹೇಳಿದ್ದನ್ನು ನಾನು ಶೈಲಾಳಿಗೂ ಮಂಜುನಾಥನಿಗೂ ಹೇಳಿಯಾಗಿತ್ತು. ಇವತ್ತು ಕೇಳುತ್ತಾರೆ ಎಂದು ನಮಗೆಲ್ಲ ಗೊತ್ತು. ಮೂವರೂ ಬಾಲ್ಕನಿಯಲ್ಲಿ ನಿಂತು ನೋಡಿದೆವು. ಮೇಷ್ಟ್ರು ನಾಲ್ಕು ಹೆಜ್ಜೆ ಮುಂದೆ, ಅಕ್ಕ ಹಿಂದೆ. ರಸ್ತೆ ದಾಟುವಲ್ಲಿ ಮೇಷ್ಟ್ರು ನಿಂತರು. ಅಕ್ಕ ಹತ್ತಿರ ಬಂದ ಮೇಲೆ ಇಬ್ಬರೂ ಒಟ್ಟಿಗೆ ದಾಟಿದರು. ಮಂಜುನಾಥ ಶಿಳ್ಳೆ ಹಾಕಲು ಹೋಗಿ ಶೈಲಾಳಿಂದ ಏಟು ತಿಂದ.

ನಮ್ಮ ಅನ್ನ ಇನ್ನೂ ಬೆಂದಿರಲಿಲ್ಲ, ಬಾಗಿಲು ಸದ್ದಾಯಿತು.

"ಇಷ್ಟು ಬೇಗ?" ಎಂದೆ.

"ಗಾಳಿ ಜಾಸ್ತಿ ಇತ್ತು" ಎಂದರು ಮೇಷ್ಟ್ರು. ಬೆರಳು ಉಜ್ಜಿಕೊಳ್ಳುತ್ತಿದ್ದರು. ಹೊರಗೆ ಒಣಹಾಕಿದ್ದ ಬಟ್ಟೆ ಅಲುಗಾಡುತ್ತಿರಲಿಲ್ಲ. ಅಕ್ಕ ಸೆರಗು ಸಿಕ್ಕಿಸಿಕೊಂಡು ಶೈಲಾಳ ಕೈಯಿಂದ ಸೌಟು ತೆಗೆದುಕೊಂಡರು. ರೇಷ್ಮೆ ಸೀರೆಯಲ್ಲೇ ಒಗ್ಗರಣೆ ಹಾಕಿದರು.

ಮರುದಿನ ವಿಮಾನ ನಿಲ್ದಾಣದಲ್ಲಿ ಮೊದಲು ಹೊರಟದ್ದು ಅಕ್ಕ. ನಾವು ಬೇಕೆಂದೇ ದೂರ ನಿಂತೆವು. ಸಾಲಿಗೆ ಸೇರುವ ಮುನ್ನ ಅಕ್ಕ ಮೇಷ್ಟ್ರನ್ನು ಏನೋ ಕೇಳಿದರು. ಮೇಷ್ಟ್ರು ನಕ್ಕು ತಲೆಯಾಡಿಸಿದರು. ಅಕ್ಕ ಸ್ವಲ್ಪ ಹೊತ್ತು ಹಾಗೇ ನಿಂತಿದ್ದು, ನಮ್ಮ ಕಡೆ ಕೈಬೀಸಿ ಒಳಗೆ ಹೋದರು. ಗಾಜಿನ ಆಚೆ ಒಂದು ಸಲ ತಿರುಗಿ ನೋಡಿದ ನೆನಪು.

ಮ್ಯಾಡ್ರಿಡ್ಡಿಗೆ ವಾಪಸು ಬರುವ ಬಸ್ಸಿನಲ್ಲಿ ಮೇಷ್ಟ್ರ ತೊಡೆಯ ಮೇಲೆ ಗೊಜ್ಜಿನ ಬಾಟಲಿ ಇತ್ತು.

"ಕೇಳಿದ್ರಾ ಸಾರ್?"

"ಕೇಳ್ದೆ."

"ಏನಂದ್ರು?"

"ಬೇಡ ಅಂದ್ಲು" ಎಂದರು. ಅಷ್ಟೇ. ಆಲಿವ್ ಮರಗಳು ಮತ್ತೆ ಓಡಿದವು. ಅಕ್ಕನಿಗೆ ಅಮೆರಿಕವೇ ಬೇಕಾಗಿದೆ ಎಂದುಕೊಂಡೆ. ಸ್ವಲ್ಪ ಬೇಸರವೂ ಆಯಿತು, ಅಕ್ಕನ ಮೇಲೆ.

ಜೂನ್ ಬಂತು, ಪಾಲಿಟೆಕ್ನಿಕ್ಕಿನ ಕೆಲಸ ಹೋಯಿತು. ಮೇಷ್ಟ್ರು ಲಾಸ್ ಆಲ್ಟೋಸ್‌ನ ಆ ಸ್ಟಾರ್ಟಪ್ಪಿಗೆ ಸೇರಿದರು. ಅದು ವರ್ಷ ತುಂಬುವುದರೊಳಗೆ ಬಾಗಿಲು ಹಾಕಿತು. ಹಲ್ಲಿನ ಡಾಕ್ಟರರು ಮಾತ್ರ ಅಲ್ಲೇ ಉಳಿದರು. ಡಾಟ್‌ಕಾಮ್ ಗುಳ್ಳೆ ಒಡೆದು ಊರಿಗೆ ಊರೇ ಕೆಲಸ ಕಳೆದುಕೊಂಡ ದಿನಗಳು ಅವು. ಮೇಷ್ಟ್ರು ಒಂದು ಕಂಪನಿಯಿಂದ ಇನ್ನೊಂದಕ್ಕೆ ಹಾರುತ್ತ, ಕೆಲಸ ಗಟ್ಟಿಯಾಗಲಿ, ಗ್ರೀನ್ ಕಾರ್ಡು ಆಗಲಿ, ಆಮೇಲೆ ಕರೆಸೋಣ ಎನ್ನುತ್ತ ವರ್ಷ ಕಳೆದರು. ನಡುನಡುವೆ ಊರಿನಲ್ಲಿ ಕೆಲವು ವಾರ ಭೇಟಿ. ಅಕ್ಕ ಕೊನೆಗೂ ಇಲ್ಲಿ ಬಂದಿಳಿಯುವ ಹೊತ್ತಿಗೆ ನಲವತ್ತು ದಾಟಿತ್ತು. ಮಕ್ಕಳಾಗಲಿಲ್ಲ. ಪ್ಲೆಸೆಂಟನ್ನಿನಲ್ಲಿ ಮನೆ ಮಾಡಿದರು. ಹಿತ್ತಲಲ್ಲಿ ಒಂದು ಕಿತ್ತಳೆ ಗಿಡ ಹಾಕಿದರು, ಅಂಗಡಿಯವನು ಸಿಹಿ ಜಾತಿ ಎಂದು ಕೊಟ್ಟಿದ್ದು. ನಾವು ಹೋದಾಗಲೆಲ್ಲ ಮೇಷ್ಟ್ರು ಒಂದೇ ಸಲ ಊಟಕ್ಕೆ ಕೇಳುತ್ತಿದ್ದರು, ಅಕ್ಕ ನಾಲ್ಕು ಸಲ. ಇಬ್ಬರೂ ಒಬ್ಬರಿಗೊಬ್ಬರು ದನಿ ಎತ್ತಿದ್ದನ್ನು ನಾನು ಕೇಳಿಲ್ಲ. ನನ್ನ ಮಗ ಅವರ ಮನೆಯಿಂದ ಬರುವಾಗ, "ವೈ ಆರ್ ದೇ ಸೋ ಕ್ವೈಯೆಟ್, ಅಮ್ಮ?" ಎಂದು ಕೇಳುತ್ತಿದ್ದ. ಅವರು ಹಾಗೆಯೇ ಎನ್ನುತ್ತಿದ್ದೆ.

ತಿಥಿಯೆಲ್ಲ ಮುಗಿದು ಬಂದವರು ಹೋದ ಮೇಲೆ ಒಂದು ಮಧ್ಯಾಹ್ನ ಅಕ್ಕನನ್ನು ನೋಡಲು ಹೋದೆ. ಅಕ್ಕ ಹಿತ್ತಲಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು. ನಾನೂ ಪಕ್ಕದಲ್ಲಿ ಕೂತೆ.

"ಮಾಲಗಾದಲ್ಲೂ ಹೀಗೇ ಇತ್ತು ಅಲ್ವಾ ಬಿಸಿಲು?" ಎಂದರು.

ಇಷ್ಟು ವರ್ಷ ಗಂಟಲಲ್ಲಿದ್ದ ಮಾತು ಹೊರಗೆ ಬಂತು. "ನಾವು ಮೂರು ಜನ ಬರಬಾರದಿತ್ತು ಅಕ್ಕ."

"ಛೆ, ನಿಮ್ಮಿಂದ ಏನಾಯ್ತು? ನೀವಿದ್ರಿ ಅಂತ ಆ ಮನೇಲಿ ಮಾತಾದ್ರೂ ಇತ್ತು." ಅಕ್ಕ ಕಿತ್ತಳೆ ಗಿಡದ ಕಡೆ ನೋಡುತ್ತಿದ್ದರು. "ಅವತ್ತು ನೀವು ನಮ್ಮನ್ನ ಕಳಿಸಿದ್ರಲ್ಲ. ಬೆಂಚ್ ಮೇಲೆ ಕೂತ್ವಿ. ಇವ್ರು ಕೇಳಿದ್ರು, ಊರಿಗೇ ಹೋಗ್ಬಿಡೋಣ್ವಾ ಇಬ್ರೂ, ಅಂತ."

"ಗೊತ್ತು ಅಕ್ಕ. ನೀವು ಬೇಡ ಅಂದ್ರಿ."

"ಹೂಂ. ಅಂದೆ." ಅಕ್ಕ ನನ್ನ ಕಡೆ ತಿರುಗಿದರು. "ನನಗೆ ಎದ್ದು ಕುಣಿಯೋ ಹಾಗಾಗಿತ್ತು ಕಣೇ. ಆದ್ರೆ ಅಮೇರಿಕಾದಲ್ಲಿ ಕೆಲಸ ಸಿಕ್ಕಿರೋ ಗಂಡ. ಒಂದೇ ಮಾತಿಗೆ ಹೂಂ ಅಂದ್ಬಿಟ್ರೆ ಅವರ ದಾರಿಗೆ ಅಡ್ಡ ಬಂದ ಹಾಗಲ್ವಾ? ಅದಕ್ಕೆ, ಈಗ್ಯಾಕೆ ಅದೆಲ್ಲ, ಬೇಡ ಬಿಡಿ, ಮಕ್ಕಳು ಹಸ್ಕೊಂಡಿರ್ತಾರೆ ನಡೀರಿ, ಅಂದೆ. ಬಾಯಿಮಾತಿಗೆ ಅಂದಿದ್ದು. ನಮ್ಮ ಕಡೆ ಮೊದಲ್ನೇ ಸಲ ಯಾರು ಹೂಂ ಅಂತಾರೆ ಹೇಳು? ಇನ್ನೊಂದ್ಸಲ ಕೇಳ್ತಾರೆ, ಆಗ ಹೂಂ ಅನ್ನೋಣ ಅಂತಿದ್ದೆ. ಇವ್ರು ಸರಿ ಅಂದು ಎದ್ದೇಬಿಟ್ರು. ಮನೆವರೆಗೂ ಕಾದೆ. ರಾತ್ರಿಯೆಲ್ಲ ಕಾದೆ."

ಏರ್‌ಪೋರ್ಟಿನ ಆ ನಗು, ಆ ತಲೆಯಾಡಿಸಿದ್ದು ಕಣ್ಣೆದುರಿಗೆ ಬಂತು. "ನೀವೇ ಕೇಳ್ಬಹುದಿತ್ತಲ್ಲ ಅಕ್ಕ" ಎಂದೆ. ಎಂದ ಮೇಲೆ ಅನ್ನಬಾರದಿತ್ತು ಎನಿಸಿತು.

"ಕೇಳ್ದೆನಲ್ಲ. ಹೊರಡೋವಾಗ, ನಿನ್ನೆ ಏನೋ ಅಂದ್ರಲ್ಲ ರೀ, ಅಂತ ಕೇಳ್ದೆ. ಏನಿಲ್ಲ ಬಿಡು, ಅಂದ್ರು." ಅಕ್ಕ ಸೆರಗಿನಿಂದ ಕಣ್ಣೊತ್ತಿಕೊಂಡರು. "ನಾನೂ ಎರಡನೇ ಸಲ ಕೇಳ್ಲಿಲ್ಲ ನೋಡು."

ಪಕ್ಕದ ಮನೆಯಲ್ಲಿ ಯಾರೋ ಹುಲ್ಲು ಕತ್ತರಿಸುವ ಯಂತ್ರ ಶುರುಮಾಡಿದರು. ಅದು ನಿಂತ ಮೇಲೆ ಅಕ್ಕ ಮೊಣಕಾಲಿಗೆ ಕೈಯೂರಿ ಎದ್ದರು.

"ಊಟ ಮಾಡ್ತೀಯಾ?"

ನಾನು ಊಟ ಮಾಡಿಕೊಂಡೇ ಬಂದಿದ್ದೆ. "ಹೂಂ ಅಕ್ಕ" ಎಂದೆ.